ಸರ್ವರ್ ಸಿಗುತ್ತದೆ, ಫೋಲ್ಡರ್ ತೆರೆಯುವುದಿಲ್ಲ: ನನ್ನ ಅನುಭವ

ಬದಿಯಡ್ಕದ ಸಮೀಪದ ನನ್ನ ಡಿ.ಟಿ.ಪಿ. ಅಂಗಡಿಯಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಆಮಂತ್ರಣದ ವಿನ್ಯಾಸಗಳೆಲ್ಲ ಉಬುಂಟು (ಲಿನಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆ) ಹಾಕಿದ ಹಳೆಯ ಕಂಪ್ಯೂಟರೊಂದರ ಫೋಲ್ಡರಿನಲ್ಲಿವೆ; ಅದೇ ನಮ್ಮ ಸರ್ವರ್. ಆ ಫೋಲ್ಡರನ್ನು, ಲಿನಕ್ಸ್ ಯಂತ್ರದ ಫೈಲುಗಳನ್ನು ವಿಂಡೋಸ್ ಯಂತ್ರಗಳಿಗೂ ಸಿಗುವಂತೆ ಮಾಡುವ ಸಾಂಬಾ ತಂತ್ರಾಂಶದ ಮೂಲಕ ಪಾಸ್‌ವರ್ಡ್ ಇಲ್ಲದೆಯೇ ಹಂಚಿಟ್ಟಿದ್ದೆ. ತುಲಾ ಮಾಸದ ಸಿಡಿಲಿಗೆ ರೂಟರ್ ಸುಟ್ಟುಹೋಗಿ ಹೊಸದನ್ನು ಕೂರಿಸಿದ ವಾರವೇ ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿಯ ಲ್ಯಾಪ್‌ಟಾಪ್ ಕೂಡ ಬಂದುದರಿಂದ, ಫೋಲ್ಡರ್ ತೆರೆಯದಿದ್ದಾಗ ನಾನು ಅರ್ಧ ದಿನ ರೂಟರನ್ನೇ ದೂರುತ್ತ ಕುಳಿತೆ.

ರೂಟರಿನದೂ ಸ್ವಲ್ಪ ಪಾಲಿತ್ತು. ಅದು ಸರ್ವರಿಗೆ ಬೇರೆ ಐಪಿ ವಿಳಾಸ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೊಟ್ಟಿತ್ತು. ವಿಳಾಸವನ್ನು ರೂಟರಿನಲ್ಲಿ ಕಾಯ್ದಿರಿಸಿ ಶಾರ್ಟ್‌ಕಟ್ ತಿದ್ದಿದೊಡನೆ ವಿಂಡೋಸ್ 10 ಇರುವ ಹಳೆಯ ಯಂತ್ರದಲ್ಲಿ ಫೋಲ್ಡರ್ ತೆರೆಯಿತು. ಲ್ಯಾಪ್‌ಟಾಪಿನಲ್ಲಿ ಮಾತ್ರ ಇಲ್ಲ. ಅದರಿಂದ ಸರ್ವರಿಗೆ ಪಿಂಗ್ ಮಾಡಿದರೆ (ಜಾಲದಲ್ಲಿ ಸಿಗುತ್ತದೆಯೇ ಎಂದು ನೋಡುವ ಪರೀಕ್ಷೆ) ಉತ್ತರ ಬರುತ್ತಿತ್ತು, ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಯಿಂದ ನೋಡಿದರೆ ಫೈಲ್ ಹಂಚಿಕೆಯ 445ನೇ ಪೋರ್ಟ್ (ಸಂಪರ್ಕದ ದ್ವಾರ) ತೆರೆದೇ ಇತ್ತು. ಅಲ್ಲಿಗೆ ಕೇಬಲ್, ರೂಟರ್, ಫೈರ್‌ವಾಲ್ ಮೂರರ ಮೇಲಿನ ಅನುಮಾನವನ್ನೂ ಬಿಟ್ಟೆ.

ವಿಳಾಸವನ್ನು ಕೈಯಿಂದಲೇ ಟೈಪಿಸಿದಾಗ ಬಂದ ಸಂದೇಶದಲ್ಲಿ ನಿಜವಾದ ಸುಳಿವಿತ್ತು: ಗುರುತು ದೃಢಪಡದ, ಅಂದರೆ ಪಾಸ್‌ವರ್ಡ್ ಇಲ್ಲದ, ಅತಿಥಿ ಪ್ರವೇಶವನ್ನು 'ನಿಮ್ಮ ಸಂಸ್ಥೆಯ' ಭದ್ರತಾ ನೀತಿ ತಡೆದಿದೆಯಂತೆ. ಇಬ್ಬರು ದುಡಿಯುವ ನಮ್ಮ ಅಂಗಡಿಗೆ ಅಂಥ ನೀತಿಯೇನೂ ಇಲ್ಲ. ಅದು 24ಎಚ್2 ಪ್ರೊ ಆವೃತ್ತಿಯಲ್ಲಿ ತಾನಾಗಿಯೇ ಜಾರಿಯಲ್ಲಿರುವ ನಿಯಮ. ಸಾಂಬಾದ ಸಂರಚನೆಯಲ್ಲಿ 'ಮ್ಯಾಪ್ ಟು ಗೆಸ್ಟ್' ಎಂಬ ಸಾಲು 'ಬ್ಯಾಡ್ ಯೂಸರ್' ಎಂದಿದ್ದುದರಿಂದ, ಲ್ಯಾಪ್‌ಟಾಪ್ ಕಳುಹಿಸಿದ ಅಪರಿಚಿತ ಹೆಸರನ್ನು ಸರ್ವರ್ ತಿರಸ್ಕರಿಸದೆ ಅತಿಥಿಯಾಗಿ ಒಳಗೆ ಬಿಡುತ್ತಿತ್ತು. ಹಾಗೆ ಅತಿಥಿಯಾಗಿ ಹೋಗಲು ವಿಂಡೋಸ್ ತಾನೇ ಒಪ್ಪುತ್ತಿರಲಿಲ್ಲ.

ವಿಂಡೋಸಿನಲ್ಲಿ ಆ ತಡೆಯನ್ನು ತೆಗೆಯುವ ದಾರಿ ಇದೆ. ಗಿರಾಕಿಗಳ ಪೆನ್‌ಡ್ರೈವ್ ದಿನವಿಡೀ ಬಂದುಹೋಗುವ ಅಂಗಡಿಯಲ್ಲಿ ಅದು ನನಗೆ ಸರಿಕಾಣಲಿಲ್ಲ. ಬದಲಾಗಿ ಉಬುಂಟುವಿನಲ್ಲಿ ಒಬ್ಬ ಬಳಕೆದಾರನನ್ನು ಸೇರಿಸಿ, ಸಾಂಬಾಕ್ಕೆಂದು ಪ್ರತ್ಯೇಕ ಪಾಸ್‌ವರ್ಡ್ ಕೊಟ್ಟು, ಅತಿಥಿ ಪ್ರವೇಶದ ಸಾಲನ್ನು ಅಳಿಸಿದೆ. ಆದರೂ ಲ್ಯಾಪ್‌ಟಾಪ್ ಜಗ್ಗಲಿಲ್ಲ, ಏಕೆಂದರೆ ಹಿಂದಿನ ದಿನ ಗಡಿಬಿಡಿಯಲ್ಲಿ ನಾನು ಕೊಟ್ಟ ಇಮೇಲ್ ಹೆಸರು ಮತ್ತು ಪಿನ್ ವಿಂಡೋಸ್ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿದಿದ್ದವು. ಆ ಪಿನ್ ಲ್ಯಾಪ್‌ಟಾಪಿನ ಬಾಗಿಲಿಗಷ್ಟೇ ಸಲ್ಲುತ್ತದೆ, ಸರ್ವರಿಗಲ್ಲ. ಆ ನಮೂದನ್ನು ಅಳಿಸಿ ಹೊಸ ಹೆಸರು, ಪಾಸ್‌ವರ್ಡ್ ಕೊಟ್ಟ ಮೇಲೆ ಫೋಲ್ಡರ್ ತೆರೆಯಿತು. ಅತಿಥಿ ಪ್ರವೇಶ ಹೋದುದರಿಂದ, ಅಲ್ಲಿಯವರೆಗೆ ಸುಮ್ಮನೆ ಕೆಲಸ ಮಾಡುತ್ತಿದ್ದ ವಿಂಡೋಸ್ 10ರ ಹಳೆಯ ಯಂತ್ರಕ್ಕೂ ಅದೇ ಸಂಜೆ ಪಾಸ್‌ವರ್ಡ್ ಕೊಡಬೇಕಾಯಿತು.