ಷರ್ಲಾಕ್‌ನ ಅರ್ಕಾವತ್ತು ಕೂತ ಕಥೆ

ಷರ್ಲಾಕ್ ಹೋಮ್ಸ್‌ನ ಪತ್ತೇದಾರಿ ಕಥೆಯೊಂದನ್ನು ಕನ್ನಡದ ಗೇಮ್ ಮಾಡಲು ಹೊರಟೆ. ನಾಯಕನ ಹೆಸರಲ್ಲೇ ಅರ್ಕಾವತ್ತು, ಗೆಳೆಯನ ಹೆಸರಲ್ಲಿ ಒತ್ತಕ್ಷರ. ನಾನು ಮೊದಲು ಹಿಡಿದ ಎಂಜಿನ್‌ಗೆ, ಅಂದರೆ ಗೇಮ್ ಕಟ್ಟುವ ತಂತ್ರಾಂಶಕ್ಕೆ, ಎರಡೂ ಬರಲ್ಲ. ಷರ್ಲಾಕ್‌ನ 'ರ'ಕಾರ, 'ಲಾ' ಮುನಿಸಿಕೊಂಡವರ ಹಾಗೆ ಬೇರೆ ಬೇರೆ ನಿಂತವು. ವಾಟ್ಸನ್‌ನ ಸ-ಒತ್ತು ಕೆಳಗಿಳಿಯಲೇ ಇಲ್ಲ. "ಇಂಗ್ಲಿಷಲ್ಲೇ ಮಾಡೋ ಮಾರಾಯ, ಕನ್ನಡದ ಗೇಮ್ ಯಾರು ಆಡ್ತಾರೆ" ಅಂದರು ಗೆಳೆಯರು.

ಹಟಕ್ಕೆ ಬಿದ್ದು ಪ್ರತಿ ಸಂಭಾಷಣೆಯನ್ನೂ ಚಿತ್ರ ಮಾಡಿ ಹಾಕಿದೆ, ಸುಮಾರು 600 ಚಿತ್ರ. ಒಂದು ದೀರ್ಘ ತಿದ್ದಬೇಕಾದರೂ ಮತ್ತೆ ಚಿತ್ರ ಮಾಡಬೇಕು. ಆಮೇಲೆ ಯೂನಿಕೋಡ್‌ಗೂ ಮುಂಚಿನ ಹಳೇ ಆಸ್ಕಿ ಫಾಂಟ್ ಹಿಡಿದೆ. ಅದರಲ್ಲಿ ಒತ್ತುಗಳೆಲ್ಲ ಅಚ್ಚುಮೊಳೆಯ ಹಾಗೆ ಬಿಡಿಬಿಡಿ, ಎಂಜಿನ್‌ಗೆ ಜೋಡಿಸುವ ಕೆಲಸವೇ ಇಲ್ಲ. ನಂಬಿ, ಚೆನ್ನಾಗೇ ಬಂತು! ಆದರೆ ತಿದ್ದಿದಾಗೆಲ್ಲ ಈಗ ಎಲ್ಲರೂ ಟೈಪ್ ಮಾಡುವ ಯೂನಿಕೋಡ್‌ನಿಂದ ಅದಕ್ಕೆ ಕನ್ವರ್ಟ್ ಮಾಡಿ ಮಾಡಿ ಸಾಕಾಯಿತು. 2023ರಲ್ಲಿ ಗೊಡೊ 4 ಅನ್ನೋ ಎಂಜಿನ್ ಬಂತು, ಅಕ್ಷರಕ್ಕೆ ಒತ್ತು ಜೋಡಿಸುವ ಹಾರ್ಫ್‌ಬಜ್ ಅದರ ಒಳಗೇ. ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದೆ. ಅರ್ಕಾವತ್ತು ತಾನಾಗಿ ಹೋಗಿ ಕೂತಿತು. ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಟೈಪ್‌ರೈಟರ್ ಎಫೆಕ್ಟ್‌ನಲ್ಲಿ ಮಾತ್ರ ಅಕ್ಷರ ಮೊದಲು ಬಂದು ಒತ್ತು ಆಮೇಲೆ ಕುಣಿದು ಸೇರುತ್ತಿತ್ತು. ಅದಕ್ಕೊಂದು ಚಿಕ್ಕ ಮದ್ದಿದೆ. ನನಗೆ ಹನ್ನೊಂದು ದಿನ ಹಿಡಿಯಿತು, ನೀವೂ ಸ್ವಲ್ಪ ಹುಡುಕಿ.

ಕಥೆ 1891ರ 'ರೆಡ್-ಹೆಡೆಡ್ ಲೀಗ್'. ಕೆಂಪು ಕೂದಲಿನ ಗಿರವಿ ಅಂಗಡಿಯವನಿಗೆ ವಾರಕ್ಕೆ 4 ಪೌಂಡ್ ಕೊಟ್ಟು ಬ್ರಿಟಾನಿಕಾ ವಿಶ್ವಕೋಶ ನಕಲು ಮಾಡಿಸುವುದು, ಅಷ್ಟರಲ್ಲಿ ಅವನ ನೆಲಮಾಳಿಗೆಯಿಂದ ಬ್ಯಾಂಕಿಗೆ ಸುರಂಗ. ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ಆಡುವವನಿಗೇನು ಕೆಲಸ? ಫ್ರಾಗ್‌ವೇರ್ಸ್ ಕಂಪನಿಯವರು 2014ರ ಹೋಮ್ಸ್ ಗೇಮ್ 'ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್'ನಲ್ಲಿ ಸುಳಿವು ತಪ್ಪಾಗಿ ಜೋಡಿಸಿ ನಿರಪರಾಧಿಯನ್ನೂ ಹಿಡಿಯಲು ಬಿಟ್ಟಿದ್ದರಲ್ಲ, ಆ ಉಪಾಯ ಎತ್ತಿಕೊಂಡೆ. ನನ್ನದರಲ್ಲಿ ಅಂಗಡಿಯವನನ್ನೇ ಕಳ್ಳ ಅನ್ನಬಹುದು. ಪರೀಕ್ಷೆಗೆ ಆಡಿದವರಲ್ಲಿ ಮೂರರಲ್ಲಿ ಒಬ್ಬರು ಅಂದೇಬಿಟ್ಟರು.

ನಿಜವಾದ ತಲೆನೋವು ನೀನು-ನೀವು. ಹೋಮ್ಸ್ ವಾಟ್ಸನ್‌ಗೆ 'ನೀವು' ಅಂದರೆ ತಾಲೂಕು ಕಚೇರಿ, 'ನೀನು' ಅಂದರೆ "ಡಾಕ್ಟರಿಗೆ ಏಕವಚನವಾ?" ಅಂತ ಅತ್ತಿಗೆ ತಕರಾರು. ಕೊನೆಗೆ ಬೇಕರ್ ಸ್ಟ್ರೀಟ್ ಮನೆಯೊಳಗೆ ನೀನು, ಹೊರಗಿನವರೆದುರು ನೀವು. ಇದೇ ಜಗಳದಿಂದ ಒಂದು ಲಾಭವೂ ಆಯಿತು. ಮೂಲದಲ್ಲಿ ಸಿಕ್ಕಿಬಿದ್ದ ಸುರಂಗದ ಕಳ್ಳ ಜಾನ್ ಕ್ಲೇ ತನ್ನದು ರಾಜರಕ್ತ, ಮಾತಿಗೆ 'ಸರ್', 'ಪ್ಲೀಸ್' ಸೇರಿಸಿ ಅನ್ನುತ್ತಾನೆ. ನನ್ನವನು ಕೈಗೆ ಬೇಡಿ ಬಿದ್ದ ಮೇಲೂ "ಬಹುವಚನದಲ್ಲಿ ಮಾತಾಡಿ" ಅನ್ನುತ್ತಾನೆ. ಆ ಗತ್ತು ಇಂಗ್ಲಿಷಲ್ಲೂ ಇಷ್ಟು ಬಂದಿಲ್ಲ, ಹೇಳಿಕೊಳ್ಳಬಾರದು, ಆದರೂ.

ಚಿತ್ರಕಾರನಿಗೆ 18 ಸಾವಿರ, ಪ್ಲೇ ಸ್ಟೋರ್ ಖಾತೆಗೆ 25 ಡಾಲರ್, ಪಿಟೀಲು ನುಡಿಸಿದವನಿಗೆ ಎರಡು ಊಟ. 49 ರೂಪಾಯಿಯಂತೆ ಮುನ್ನೂರು ಚಿಲ್ಲರೆ ಮಾರಿದೆ. ಅಸಲು ಇನ್ನೂ ಹುಟ್ಟಿಲ್ಲ.

ಮಧ್ಯೆ 'ಸ್ಪೆಕಲ್ಡ್ ಬ್ಯಾಂಡ್' ಅನ್ನೋ ಇನ್ನೊಂದು ಹೋಮ್ಸ್ ಕಥೆ ಮೇಲೆ ಒಂದು ತಿಂಗಳು ಹಾಳು ಮಾಡಿದೆ. ಸಾಯುವವಳ ಬಾಯಲ್ಲಿ ಬರುವ 'ಬ್ಯಾಂಡ್' ಪಟ್ಟಿಯೋ, ಜನರ ಗುಂಪೋ ಅನ್ನೋದರ ಮೇಲೇ ಆ ಕಥೆ ನಿಂತಿದೆ. ಎರಡನ್ನೂ ಹೊರುವ ಕನ್ನಡ ಪದ ಹೊಳೆದರೆ ಹೇಳಿ, ಕ್ರೆಡಿಟ್ಸ್‌ನಲ್ಲಿ ಹೆಸರು ಹಾಕ್ತೀನಿ. ದುಡ್ಡು ಮಾತ್ರ ಕೇಳಬೇಡಿ.