ಆಟೋಕ್ರಾಸ್‌ಗೆ ಹಳೆಯ ಕಾರನ್ನು ಸಜ್ಜುಗೊಳಿಸುವುದು ಹೇಗೆ?

ಭತ್ತದ ಕೊಯ್ಲು ಮುಗಿದು ಗದ್ದೆಗಳು ಒಣಗುತ್ತಿದ್ದಂತೆ ಕೊಡಗಿನಲ್ಲಿ ಆಟೋಕ್ರಾಸ್ ಸ್ಪರ್ಧೆಗಳು ಶುರುವಾಗುತ್ತವೆ. ಚಿಕ್ಕಮಗಳೂರು ಮತ್ತು ಬೆಂಗಳೂರಿನ ಹೊರವಲಯದ ಬಯಲುಗಳಲ್ಲೂ ಇವು ನಡೆಯುತ್ತವೆ. ಇದು ಗಡಿಯಾರದ ವಿರುದ್ಧದ ಓಟ. ಮಣ್ಣಿನ ಮೇಲೆ ಗುರುತು ಹಾಕಿದ ಒಂದೆರಡು ಕಿಲೋಮೀಟರ್ ಉದ್ದದ ಅಂಕುಡೊಂಕಿನ ಹಾದಿಯಲ್ಲಿ ಸ್ಪರ್ಧಿ ತನ್ನ ಸರದಿ ಬಂದಾಗ ಓಡಿಸಿ ಮುಗಿಸುತ್ತಾನೆ, ಗುರುತಿಗೆ ಕಾರು ತಗುಲಿದರೆ ಅವನ ಲೆಕ್ಕಕ್ಕೆ ಕೆಲವು ಸೆಕೆಂಡ್‌ಗಳು ದಂಡವಾಗಿ ಸೇರುತ್ತವೆ. ರ‍್ಯಾಲಿಗೆ ಬೇಕಾಗುವ ಸಹಚಾಲಕ, ಸರ್ವಿಸ್ ತಂಡ, ದಿನಗಟ್ಟಲೆಯ ಪ್ರಯಾಣ ಯಾವುದೂ ಇಲ್ಲಿ ಬೇಕಿಲ್ಲ. ಆದ್ದರಿಂದಲೇ ಮೋಟಾರು ಕ್ರೀಡೆಗೆ ಕಾಲಿಡಬೇಕೆನ್ನುವ ಸಾಮಾನ್ಯ ಆದಾಯದವರಿಗೆ ಇದಕ್ಕಿಂತ ಅಗ್ಗದ ಬಾಗಿಲು ಸಿಗುವುದು ಕಷ್ಟ.

ಅಗ್ಗವೆಂದರೂ ಹಣ ತಪ್ಪು ಕಡೆ ಹರಿಯುವುದು ಸುಲಭ. ಹೊಸಬರಲ್ಲಿ ಬಹುಪಾಲು ಜನ ಮೊದಲು ಎಂಜಿನ್‌ಗೆ ಕೈ ಹಾಕುತ್ತಾರೆ. ಆದರೆ ಮಣ್ಣಿನ ಟ್ರ್ಯಾಕ್‌ನಲ್ಲಿ ಮೊದಲ ವರ್ಷ ಸಮಯ ಸೋರಿಹೋಗುವುದು ಟೈರು, ಸಸ್ಪೆನ್ಷನ್ ಮತ್ತು ಚಾಲಕನ ಕೈಯಲ್ಲಿ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಇಂಟರ್ನೆಟ್‌ನಲ್ಲಿ ಸಿಗುವ ಆಟೋಕ್ರಾಸ್ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದವು, ಮತ್ತು ಅಲ್ಲಿ ಈ ಸ್ಪರ್ಧೆ ಡಾಂಬರು ಅಥವಾ ಕಾಂಕ್ರೀಟ್ ನೆಲದ ವಿಶಾಲ ಪಾರ್ಕಿಂಗ್ ಬಯಲಿನಲ್ಲಿ ಕೋನ್‌ಗಳ ನಡುವೆ ನಡೆಯುತ್ತದೆ. ಕಾರನ್ನು ನೆಲಕ್ಕೆ ತಗ್ಗಿಸಿ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ದಪ್ಪ ಆ್ಯಂಟಿ-ರೋಲ್ ಬಾರ್ ಹಾಕಿ, ಅಗಲದ ಟೈರು ತೊಡಿಸಿ ಎಂಬ ಅಲ್ಲಿನ ಮಾತನ್ನು ನಮ್ಮ ಗದ್ದೆಯಲ್ಲಿ ಪಾಲಿಸಿದರೆ ಎರಡನೇ ಸುತ್ತಿಗೇ ಎಂಜಿನ್ ಅಡಿಯ ಆಯಿಲ್ ತೊಟ್ಟಿಯಾದ ಸಂಪ್ ಒಡೆದೀತು.

ಮೊದಲು ವರ್ಗ, ಆಮೇಲೆ ಕಾರು

ಕಾರು ಕೊಳ್ಳುವ ಮುಂಚೆ ನಿಮ್ಮ ಸುತ್ತಮುತ್ತ ನಡೆಯುವ ಸ್ಪರ್ಧೆಗಳ ನಿಯಮಪತ್ರವನ್ನು ತರಿಸಿಕೊಂಡು ಓದಬೇಕು. ದೇಶದ ಮೋಟಾರು ಕ್ರೀಡೆಯ ಆಡಳಿತ ನೋಡಿಕೊಳ್ಳುವ ಸಂಸ್ಥೆ ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಅಂದರೆ ಎಫ್‌ಎಂಎಸ್‌ಸಿಐ. ಅದರ ಮಾನ್ಯತೆ ಇರುವ ಸ್ಪರ್ಧೆಗಳಿಗೆ ಅದು ಕೊಡುವ ಸ್ಪರ್ಧಾ ಪರವಾನಗಿ ಬೇಕು; ಪ್ರತಿ ಸ್ಪರ್ಧೆಗೂ ಸಂಘಟಕರು ಬೇರೆಯಾಗಿ ಪೂರಕ ನಿಯಮಗಳನ್ನು ಹೊರಡಿಸುತ್ತಾರೆ. ವರ್ಗಗಳು ಸಾಮಾನ್ಯವಾಗಿ ಎಂಜಿನ್ ಗಾತ್ರದ ಮೇಲೆ ನಿಂತಿರುತ್ತವೆ: 800 ಸಿಸಿವರೆಗೆ, 1100 ಸಿಸಿವರೆಗೆ, 1400 ಸಿಸಿವರೆಗೆ, 1600ರ ಆಸುಪಾಸಿನವರೆಗೆ, ಅದರಾಚೆಗೆ ಮುಕ್ತ ವರ್ಗ. ಹೊಸಬರಿಗೆ, ಮಹಿಳೆಯರಿಗೆ, ಜೀಪುಗಳಿಗೆ ಬೇರೆ ವರ್ಗಗಳಿರುವುದೂ ಉಂಟು. ಗಡಿಗಳು ಸಂಘಟಕರಿಂದ ಸಂಘಟಕರಿಗೆ ಅಷ್ಟಿಷ್ಟು ಬದಲಾಗುತ್ತವೆ.

ಈ ಗಡಿಗಳೇ ಕಾರಿನ ಆಯ್ಕೆಯನ್ನು ಮುಕ್ಕಾಲು ಪಾಲು ತೀರ್ಮಾನಿಸುತ್ತವೆ. ತನ್ನ ವರ್ಗದ ಮೇಲ್ಮಿತಿಗೆ ಹತ್ತಿರವಿರುವ, ಹಗುರವಾದ, ಬಿಡಿಭಾಗ ಎಲ್ಲೆಡೆ ಸಿಗುವ ಕಾರನ್ನು ಹುಡುಕಬೇಕು. 796 ಸಿಸಿಯ ಮಾರುತಿ 800 ಮೊದಲ ವರ್ಗಕ್ಕೆ ಸರಿಯಾಗಿ ಕೂರುತ್ತದೆ. 993 ಸಿಸಿಯ ಝೆನ್, 998 ಸಿಸಿಯ ಆಲ್ಟೊ ಕೆ10 ಎರಡನೆಯದಕ್ಕೆ. ಮೂರನೆಯದಕ್ಕೆ 1298 ಸಿಸಿಯ ಎಸ್ಟೀಮ್ ಮತ್ತು ಅದೇ ಗಾತ್ರದ ಎಂಜಿನ್ ಇದ್ದ 2005ರ ಮೊದಲ ಸ್ವಿಫ್ಟ್ ಇವೆ. ಅದರ ಮೇಲಿನ ವರ್ಗದಲ್ಲಿ ಹಳೆಯ ಹೋಂಡಾ ಸಿಟಿ 1.5 ವಿಟೆಕ್ ಇಂದಿಗೂ ಹೆಸರು ಉಳಿಸಿಕೊಂಡಿದೆ. 106 ಅಶ್ವಶಕ್ತಿಯ ಆ ಎಂಜಿನ್ ಮೇಲಿನ ಆರ್‌ಪಿಎಮ್‌ನಲ್ಲಿ ನಿಜಕ್ಕೂ ಹಾಡುತ್ತದೆ, ಆದರೆ ಚೆನ್ನಾಗಿ ಉಳಿದಿರುವ ಕಾರಿಗೆ ಮಾಲೀಕರು ಕೇಳುವ ಬೆಲೆಯೂ ಹಾಗೆಯೇ ಮೇಲಿರುತ್ತದೆ. ಟರ್ಬೊ ಕಾರುಗಳ ವಿಷಯದಲ್ಲಿ ಒಂದು ಲೆಕ್ಕ ತಿಳಿದಿರಲಿ. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಯ ನಿಯಮದಂತೆ ಟರ್ಬೊ ಪೆಟ್ರೋಲ್ ಎಂಜಿನ್‌ನ ಗಾತ್ರವನ್ನು 1.7ರಿಂದ ಗುಣಿಸುತ್ತಾರೆ, ಈ ನಿಯಮ ಅನ್ವಯವಾದ ಕಡೆ 1197 ಸಿಸಿಯ ಟರ್ಬೊ ಕಾರು ಸುಮಾರು 2035 ಸಿಸಿಯದೆಂದು ಎಣಿಕೆಯಾಗಿ ದೊಡ್ಡವರ ಜೊತೆ ನಿಲ್ಲಬೇಕಾಗುತ್ತದೆ.

ಮಾರುತಿ ಜಿಪ್ಸಿಯ ಮೇಲೆ ಎಲ್ಲರಿಗೂ ಕಣ್ಣು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆ ಗಾಡಿ ಮಣ್ಣಿಗಾಗಿಯೇ ಹುಟ್ಟಿದಂತಿದೆ ಎನ್ನುವುದೂ ಹೌದು. ಆದರೆ ಬೇಡಿಕೆಯಿಂದಾಗಿ ಅದರ ಬೆಲೆ ಏರಿದೆ, ಲೀಫ್ ಸ್ಪ್ರಿಂಗ್ ಸಸ್ಪೆನ್ಷನ್ ಇರುವ ಎತ್ತರದ ಗಾಡಿಯನ್ನು ಬಿಗಿ ತಿರುವಿನಲ್ಲಿ ಹಿಡಿಯುವುದು ಹೊಸಬರಿಗೆ ಸಲೀಸಲ್ಲ.

ಕಡಿಮೆ ಖರ್ಚು ಎಂಬ ಷರತ್ತಿಗೆ ಕಟ್ಟುಬಿದ್ದರೆ ಈ ಲೇಖಕನ ಒಲವು ಎಸ್ಟೀಮ್ ಕಡೆಗೆ. 1994ರಿಂದ 2007ರವರೆಗೆ ತಯಾರಾದ ಈ ಕಾರಿನ ನಂತರದ ಮಾದರಿಗಳಲ್ಲಿ 16 ವಾಲ್ವ್‌ಗಳ, 85 ಅಶ್ವಶಕ್ತಿಯ ಎಂಜಿನ್ ಇದೆ. ಕಾರಿನ ತೂಕವೋ 900 ಕಿಲೋಗ್ರಾಂಗಿಂತ ಕಡಿಮೆ. ಅದೇ ಕುಲದ ಎಂಜಿನ್ ಜಿಪ್ಸಿಯಲ್ಲೂ ಇರುವುದರಿಂದ ಬಿಡಿಭಾಗಗಳ ಚಿಂತೆ ಕಡಿಮೆ. ಹೊಸ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯವಕ್ಕೆ ಶಿವಾಜಿನಗರದ ಗುಜರಿ ಅಂಗಡಿಗಳು ಇವೆ. ಹಳೆಯ ಮೆಕ್ಯಾನಿಕ್‌ಗಳಲ್ಲಿ ಈ ಎಂಜಿನ್ ಬಿಚ್ಚಿ ಜೋಡಿಸದವರೂ ವಿರಳ.

ಕೊಳ್ಳುವಾಗ ಏನು ನೋಡಬೇಕು?

ಎಂಜಿನ್ ಹಾಳಾಗಿದ್ದರೆ ಬದಲಾಯಿಸಬಹುದು, ತುಕ್ಕು ಹಿಡಿದ ಬಾಡಿಯನ್ನು ಬದಲಾಯಿಸಲಾಗದು. ಆದ್ದರಿಂದ ಬಣ್ಣದ ಹೊಳಪನ್ನು ಬಿಟ್ಟು ಕಾರನ್ನು ರ‍್ಯಾಂಪ್ ಮೇಲೇರಿಸಿ ಅಡಿಭಾಗ ನೋಡಬೇಕು. ಬಾಗಿಲ ಕೆಳಗಿನ ಸಿಲ್, ಕಾರ್ಪೆಟ್ ಅಡಿಯ ನೆಲ, ಬಾನೆಟ್ ಒಳಗೆ ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಸ್ಟ್ರಟ್‌ನ ತುದಿ ಬಂದು ಕೂರುವ ಜಾಗ, ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋಯರ್ ಆರ್ಮ್ ಜೋಡಣೆಯಾಗುವ ಜಾಗ, ಇವು ನಾಲ್ಕೂ ಗಟ್ಟಿಯಿರಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದರೆ ಗಟ್ಟಿ ತಗಡಿನ ಸದ್ದಿಗೂ ತುಕ್ಕು ಮರೆಮಾಚಲು ಪುಟ್ಟಿ ಮೆತ್ತಿದ ಜಾಗದ ಮಂಕು ಸದ್ದಿಗೂ ವ್ಯತ್ಯಾಸ ಕೇಳಿಸುತ್ತದೆ. ಕರಾವಳಿಯಲ್ಲಿ ಓಡಿದ ಕಾರುಗಳಲ್ಲಿ ಉಪ್ಪುಗಾಳಿಯ ತುಕ್ಕು ಹೆಚ್ಚು. ಬಯಲುಸೀಮೆಯ ಕಾರು ಸಿಕ್ಕರೆ ಬಸ್ ಹತ್ತಿ ಹೋಗಿ ನೋಡಿ ಬಂದರೂ ನಷ್ಟವಿಲ್ಲ. ಅಪಘಾತವಾಗಿ ಟಿಂಕರಿಂಗ್ ಆದ ಕಾರಿನಲ್ಲಿ ಚಕ್ರಗಳ ನಡುವಣ ಅಂತರವನ್ನು ಎರಡೂ ಬದಿಯಲ್ಲಿ ಅಳೆದು ಹೋಲಿಸಿದರೆ ಚಾಸಿ ಓರೆಯಾಗಿದೆಯೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಎಂಜಿನ್‌ನಿಂದ ನೀಲಿ ಹೊಗೆ ಬರಬಾರದು, ಗೇರ್ ಎರಡರಿಂದ ಮೂರಕ್ಕೆ ಸದ್ದಿಲ್ಲದೆ ಬೀಳಬೇಕು, ಏಕೆಂದರೆ ಆಟೋಕ್ರಾಸ್‌ನ ಬಹುಪಾಲು ಓಟ ಈ ಎರಡು ಗೇರ್‌ಗಳಲ್ಲೇ ಮುಗಿಯುತ್ತದೆ. ಎ.ಸಿ., ಮ್ಯೂಸಿಕ್ ಸಿಸ್ಟಮ್, ಸೀಟಿನ ಬಟ್ಟೆ ಕೆಟ್ಟಿದ್ದರೆ ಸಂತೋಷ. ಚೌಕಾಸಿಗೆ ಅವೇ ಆಧಾರ.

ಕಾಗದಪತ್ರದ ಕಡೆಗೂ ಗಮನವಿರಲಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕು. ಕೊನೆಯ ಎಸ್ಟೀಮ್‌ಗಳೂ ಆ ಗಡಿ ದಾಟಿಯಾಗಿದೆ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಹಸಿರು ತೆರಿಗೆ ಅದರ ಮೇಲೆ. ಆರ್‌ಸಿ ಚಾಲ್ತಿಯಲ್ಲಿಲ್ಲದ ಕಾರು ಅಗ್ಗಕ್ಕೆ ಸಿಗುತ್ತದೆ, ಸ್ಪರ್ಧೆಗೆಂದೇ ಇಟ್ಟುಕೊಳ್ಳುವವರು ಅಂಥದ್ದನ್ನು ಕೊಳ್ಳುವುದೂ ಇದೆ. ಆದರೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ, ಕದ್ದ ಮಾಲಲ್ಲ ಎಂಬುದಕ್ಕೆ ಚಾಸಿ ನಂಬರು ಮತ್ತು ಮಾಲೀಕರ ಸಹಿ ಇರುವ ಪತ್ರ ಇರಲೇಬೇಕು.

ಸುರಕ್ಷತೆಗೆ ಮೊದಲ ಹಣ

ಕೈಯಲ್ಲಿರುವ ಹಣದಲ್ಲಿ ಕಾರಿಗೆ ಮೂರನೇ ಒಂದು ಭಾಗ, ಸುರಕ್ಷತೆಗೆ ಮೂರನೇ ಒಂದು ಭಾಗ, ಉಳಿದ ಎಲ್ಲಕ್ಕೂ ಉಳಿದದ್ದು ಎಂಬ ಅಂದಾಜು ಇಟ್ಟುಕೊಂಡರೆ ಕೈ ಸುಡುವುದಿಲ್ಲ. ಹಲವು ಸ್ಥಳೀಯ ಸ್ಪರ್ಧೆಗಳಲ್ಲಿ ಹೊಸಬರ ವರ್ಗಕ್ಕೆ ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ಸಾಕು ಎಂದಿರುತ್ತದೆ. ಗೆಲ್ಲುವ ವೇಗ ಬರುವ ಹೊತ್ತಿಗೆ ಅಷ್ಟು ಸಾಲದು. ಕಾರುಗಳು ಉರುಳುವುದು ಟ್ರ್ಯಾಕ್‌ನ ವೇಗದ ಭಾಗದಲ್ಲೇ ಆಗಬೇಕೆಂದಿಲ್ಲ. ಅಡ್ಡ ಜಾರುತ್ತಿರುವ ಚಕ್ರ ಗದ್ದೆಯ ಬದುವಿಗೋ ಹಿಂದಿನವರು ಕೊರೆದ ಹಳ್ಳಕ್ಕೋ ಸಿಕ್ಕಿದಾಗ ನಿಧಾನದ ತಿರುವಿನಲ್ಲೂ ಕಾರು ಮಗುಚುತ್ತದೆ.

ಕಾರು ಉರುಳಿದಾಗ ಒಳಗಿದ್ದವರನ್ನು ಕಾಯುವ ಉಕ್ಕಿನ ಕೊಳವೆಗಳ ಚೌಕಟ್ಟು, ಅಂದರೆ ರೋಲ್ ಕೇಜ್ ಮಾಡಿಸುವಾಗ ಪೈಪ್ ಯಾವುದೆಂದು ಕೇಳಿ ತಿಳಿಯಬೇಕು. ಎಫ್‌ಐಎಯ ನಿಯಮದಂತೆ ಅದು ಬೆಸುಗೆಯ ಗೆರೆ ಇಲ್ಲದ, ತಣ್ಣಗೆ ಎಳೆದು ಮಾಡಿದ ಉಕ್ಕಿನ ಕೊಳವೆಯಾಗಿರಬೇಕು, ಅದರ ಎಳೆತದ ಬಲ ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಇರಬೇಕು. ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ ಅಥವಾ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ ಬೇಕು. ಗೇಟು, ಗ್ರಿಲ್ ಮಾಡುವ ಸಾಧಾರಣ ಪೈಪಿನಿಂದ ಕಡಿಮೆ ದುಡ್ಡಿಗೆ ಕೇಜ್ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ, ಅವರಿಂದ ದೂರವಿರುವುದೇ ಒಳ್ಳೆಯದು. ರ‍್ಯಾಲಿ ಕಾರುಗಳಿಗೆ ಕೇಜ್ ಕಟ್ಟಿ ಅನುಭವವಿರುವ ಗ್ಯಾರೇಜ್‌ಗೇ ಹೋಗಬೇಕು. ತಲೆ, ಮೊಣಕಾಲು ತಾಗಬಹುದಾದ ಕಡೆ ಗಟ್ಟಿ ಫೋಮ್ ಸುತ್ತಬೇಕು. ಕೇಜ್ ಹಾಕಿದ ಕಾರನ್ನು ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವುದು ಅಪಾಯ: ಸಣ್ಣ ಡಿಕ್ಕಿಗೂ ಬರಿದಲೆ ಉಕ್ಕಿಗೆ ಬಡಿಯುತ್ತದೆ.

ಬಕೆಟ್ ಸೀಟು, ಹಲವು ಪಟ್ಟಿಗಳ ಹಾರ್ನೆಸ್ ಕೊಳ್ಳುವಾಗ ಎಫ್‌ಐಎಯ ಚೀಟಿಯ ಮೇಲಿನ ವರ್ಷ ನೋಡಬೇಕು, ಇವಕ್ಕೆ ಅವಧಿ ಇದೆ. ಹೆಲ್ಮೆಟ್‌ನ ವಿಷಯದಲ್ಲಿ ಬೈಕಿನದೇ ಸಾಕೆಂದು ಭಾವಿಸಬಾರದು. ಬೆಂಕಿ ತಡೆಯುವ ಒಳಪದರ ಮತ್ತು ಕೇಜ್‌ನ ಕೊಳವೆಗೆ ಮತ್ತೆ ಮತ್ತೆ ಬಡಿಯುವ ಪೆಟ್ಟಿನ ಪರೀಕ್ಷೆ ಕಾರಿನ ಹೆಲ್ಮೆಟ್‌ಗಳಿಗೆ ಮಾತ್ರ ಇರುತ್ತದೆ. ಎರಡು ಕಿಲೋಗ್ರಾಂನ ಅಗ್ನಿಶಾಮಕ ಸಿಲಿಂಡರನ್ನು ಕೂತಲ್ಲಿಂದ ಕೈಗೆಟಕುವಂತೆ ಬೋಲ್ಟ್ ಹಾಕಿ ಬಿಗಿಯಬೇಕು. ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್ ಹೊರಗಿನಿಂದ ಟ್ರ್ಯಾಕ್ ಕಾಯುವ ಮಾರ್ಷಲ್‌ಗೂ ಒಳಗಿನಿಂದ ಚಾಲಕನಿಗೂ ಸಿಗಬೇಕು.

ಯಂತ್ರದ ಕೆಲಸ

ಮೊದಲು ಇರುವುದನ್ನು ಸರಿಯಾದ ಸ್ಥಿತಿಗೆ ತರುವ ಕೆಲಸ. ಇಪ್ಪತ್ತು ವರ್ಷದ ಕಾರಿನಲ್ಲಿ ರಬ್ಬರ್ ಎನ್ನುವುದೆಲ್ಲ ಸತ್ತಿರುತ್ತದೆ. ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಎಂಜಿನ್ ಮೌಂಟಿಂಗ್, ಡ್ರೈವ್ ಶಾಫ್ಟ್‌ನ ಬೂಟ್‌ಗಳು, ಇವನ್ನು ಒಟ್ಟಿಗೆ ಹೊಸದಾಗಿ ಹಾಕಿಸಿದರೆ ಆಗುವ ವ್ಯತ್ಯಾಸ ದುಬಾರಿ ಎಕ್ಸಾಸ್ಟ್ ಹಾಕಿಸಿದರೆ ಆಗುವುದಿಲ್ಲ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕೂಲೆಂಟ್ ಹೋಸ್‌ಗಳನ್ನೂ ಇದೇ ಸರದಿಯಲ್ಲಿ ಮುಗಿಸಬೇಕು. ಬ್ರೇಕಿಗೆ ಹೊಸ ಪ್ಯಾಡ್, ಹೊಸ ಡಾಟ್ 4 ಆಯಿಲ್ ಸಾಕು. ಹ್ಯಾಂಡ್‌ಬ್ರೇಕ್ ಮಾತ್ರ ಒಂದೇ ಎಳೆತಕ್ಕೆ ಎರಡೂ ಹಿಂಚಕ್ರಗಳನ್ನು ಸಮನಾಗಿ ಕಟ್ಟಬೇಕು, ಬಂದ ದಿಕ್ಕಿಗೇ ಮರಳಿಸುವ ಬಿಗಿ ತಿರುವಿನಲ್ಲಿ ಮುಂಚಕ್ರ ಚಾಲನೆಯ ಕಾರನ್ನು ತಿರುಗಿಸಲು ಅದೇ ಗತಿ.

ಸಸ್ಪೆನ್ಷನ್ ಇಡೀ ಕಾರಿನ ಜೀವ. ನಮ್ಮ ಮಣ್ಣಿನ ಟ್ರ್ಯಾಕ್‌ಗಳು ಬೆಳಿಗ್ಗೆ ನಯವಾಗಿರುತ್ತವೆ, ಮಧ್ಯಾಹ್ನದ ಹೊತ್ತಿಗೆ ತಿರುವುಗಳ ಒಳಬದಿಯಲ್ಲಿ ಮೊಣಕಾಲುದ್ದದ ಹಳ್ಳಗಳಾಗಿರುತ್ತವೆ. ಆದ್ದರಿಂದ ಕಾರು ಮೂಲ ಎತ್ತರದಲ್ಲಿ ಅಥವಾ ಅದಕ್ಕಿಂತ ಒಂದಿಷ್ಟು ಮೇಲೆ ನಿಂತಿರಬೇಕು, ಸ್ಪ್ರಿಂಗ್ ಸ್ವಲ್ಪ ಗಟ್ಟಿಯಿರಬೇಕು, ಶಾಕ್ ಅಬ್ಸಾರ್ಬರ್ ಆ ಸ್ಪ್ರಿಂಗಿಗೆ ಹೊಂದಬೇಕು. ಸ್ಪ್ರಿಂಗ್ ಮಾತ್ರ ಗಟ್ಟಿ ಮಾಡಿ ಹಳೆಯ ಶಾಕ್ ಉಳಿಸಿಕೊಂಡರೆ ಕಾರು ಉಬ್ಬಿನ ಮೇಲೆ ಪುಟಿಯುತ್ತ ಹೋಗುತ್ತದೆ, ಗಾಳಿಯಲ್ಲಿರುವ ಟೈರು ತಿರುಗಿಸುವುದೂ ಇಲ್ಲ, ನಿಲ್ಲಿಸುವುದೂ ಇಲ್ಲ. ರ‍್ಯಾಲಿ ಸಸ್ಪೆನ್ಷನ್ ಕೊಳ್ಳುವ ಶಕ್ತಿಯಿಲ್ಲದಿದ್ದರೆ ಹೊಸ ಮೂಲ ಶಾಕ್‌ಗಳನ್ನು ಹಾಕಿ ಒಂದು ಋತು ಓಡಿಸುವುದು ಲೇಸು. ಕೆಳಗೆ ಸಂಪ್ ಗಾರ್ಡ್ ಕಡ್ಡಾಯವೆಂದೇ ತಿಳಿಯಿರಿ. ಆದರೆ ಆಯಿಲ್ ಬದಲಿಸಲು ಜಾಗ, ಗಾಳಿಯಾಡಲು ರಂಧ್ರ ಬಿಡಿಸಬೇಕು.

ಟೈರಿಗೆ ಅಗಲ ಮುಖ್ಯವಲ್ಲ. ಸಡಿಲ ಮಣ್ಣಿನಲ್ಲಿ ಕಿರಿದಾದ ಟೈರು ಮೇಲ್ಪದರವನ್ನು ಸೀಳಿ ಅಡಿಯ ಗಟ್ಟಿ ನೆಲವನ್ನು ಹಿಡಿಯುತ್ತದೆ. ಎಂಆರ್‌ಎಫ್, ಜೆಕೆ ಕಂಪನಿಗಳ ರ‍್ಯಾಲಿ ಟೈರುಗಳನ್ನು ದೊಡ್ಡ ತಂಡಗಳು ಅರ್ಧ ಸವೆದ ಮೇಲೆ ಮಾರುವುದುಂಟು. ಹೊಸಬರಿಗೆ ಅದು ಒಳ್ಳೆಯ ವ್ಯಾಪಾರ, ಪಕ್ಕದ ಗೋಡೆಯಲ್ಲಿ ಬಿರುಕು ಇರಬಾರದು ಅಷ್ಟೇ. ಇದ್ದ ನಾಲ್ಕರಲ್ಲಿ ಒಳ್ಳೆಯ ಎರಡನ್ನು ಮುಂದೆ ಹಾಕಬೇಕು, ಏಕೆಂದರೆ ಎಳೆಯುವ, ತಿರುಗಿಸುವ, ನಿಲ್ಲಿಸುವ ಕೆಲಸವೆಲ್ಲ ಅವುಗಳದೇ. ಸಾರ್ವಜನಿಕ ರಸ್ತೆಯಲ್ಲಿ ಇದು ತಿರುಗುಮುರುಗು, ಅಲ್ಲಿ ಒಳ್ಳೆಯ ಟೈರು ಹಿಂದಿರಬೇಕು. ಗಾಳಿಯ ಒತ್ತಡವನ್ನು ಕಂಪನಿ ಹೇಳಿದ ಅಂಕಿಯಿಂದ ಶುರು ಮಾಡಿ ಎರಡೆರಡು ಪಿಎಸ್‌ಐ ಬದಲಿಸುತ್ತ ಸಮಯವನ್ನು ಬರೆದಿಟ್ಟುಕೊಳ್ಳಬೇಕು.

ಎಂಜಿನ್‌ಗೆ ಈ ವರ್ಷ ಹೊಸ ಏರ್ ಫಿಲ್ಟರ್, ಪ್ಲಗ್, ಒಳ್ಳೆಯ ಆಯಿಲ್ ಸಾಕು. ಕೆಂಪು ಧೂಳು ಒಂದೇ ದಿನದಲ್ಲಿ ಫಿಲ್ಟರನ್ನು ಮುಚ್ಚಿಬಿಡುವುದರಿಂದ ಒಂದು ಹೆಚ್ಚಿಗೆ ಇಟ್ಟುಕೊಂಡಿರಿ. ಹಿಂದಿನ ಸೀಟು, ಕಾರ್ಪೆಟ್ ತೆಗೆಯುವುದರಿಂದ ಪುಕ್ಕಟೆಯಾಗಿ ತೂಕ ಇಳಿಯುತ್ತದೆ, ಆದರೆ ನಿಮ್ಮ ವರ್ಗದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ನೋಡಿ ತೆಗೆಯಿರಿ. ಪೆಟ್ರೋಲನ್ನು ತಳಮುಟ್ಟ ಇಳಿಸಬಾರದು. ಉದ್ದ ತಿರುವಿನಲ್ಲಿ ಅದು ಟ್ಯಾಂಕ್‌ನ ಒಂದು ಬದಿಗೆ ಸರಿದಾಗ ಪಂಪಿಗೆ ಗಾಳಿ ಹೋಗಿ ಎಂಜಿನ್ ಕೆಮ್ಮುತ್ತದೆ. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ಗೆ ಬೆಸುಗೆ ಹಾಕಿ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಅಗ್ಗದ ಉಪಾಯವೊಂದಿದೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಅದರಿಂದ ಸ್ಟೀರಿಂಗ್ ಕಲ್ಲಾಗುತ್ತದೆ, ಡ್ರೈವ್ ಶಾಫ್ಟ್ ಮುರಿಯುತ್ತದೆ.

ಸ್ಪರ್ಧೆಯ ದಿನ

ಓಟಕ್ಕೆ ಮುಂಚಿನ ತಪಾಸಣೆಯಾದ ಸ್ಕ್ರೂಟಿನಿಯಲ್ಲಿ ಕಾರು ಹಿಂದೆ ಬರುವುದು ಹೆಚ್ಚಾಗಿ ಚಿಲ್ಲರೆ ಕಾರಣಗಳಿಗೆ: ಅಲುಗಾಡುವ ಬ್ಯಾಟರಿ, ತೊಟ್ಟಿಕ್ಕುವ ಪೆಟ್ರೋಲ್ ಪೈಪು, ಎಳೆಯುವ ಕೊಕ್ಕೆ ಇಲ್ಲದಿರುವುದು, ಡಿಕ್ಕಿಯಲ್ಲಿ ಮರೆತ ಜ್ಯಾಕ್. ಹಿಂದಿನ ರಾತ್ರಿಯೇ ಇವನ್ನು ನೋಡಿ ಮುಗಿಸಬೇಕು. ಸಾಮಾನ್ಯ ವಿಮೆ ರೇಸಿಂಗ್ ಮತ್ತು ವೇಗ ಪರೀಕ್ಷೆಯ ಹಾನಿಯನ್ನು ಭರಿಸುವುದಿಲ್ಲ, ಸಂಘಟಕರ ವಿಮೆ ಯಾರಿಗೆ ಎಷ್ಟು ಅನ್ವಯಿಸುತ್ತದೆ ಎಂದು ಕೇಳಿ ತಿಳಿಯಿರಿ. ಮೂಲ ವಿನ್ಯಾಸ ಬದಲಿಸಿದ ಕಾರನ್ನು ರಸ್ತೆಯಲ್ಲಿ ಓಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿ, ಅನುಮತಿಯಿಲ್ಲದೆ ರಸ್ತೆಯಲ್ಲಿ ಪೈಪೋಟಿ ನಡೆಸುವುದು 189ನೇ ಕಲಮಿನಡಿ ಅಪರಾಧ. ಹಾಗಾಗಿ ಅಭ್ಯಾಸಕ್ಕೆ ಕ್ಲಬ್‌ಗಳ ತರಬೇತಿ ದಿನ ಅಥವಾ ಪರಿಚಿತರ ಖಾಸಗಿ ಜಮೀನೇ ಸರಿ, ಕಾರು ಅಲ್ಲಿಗೆ ಲಾರಿಯ ಮೇಲೆ ಹೋಗಬೇಕು. ಒಂದೇ ಕಾರಿನಲ್ಲಿ ಇಬ್ಬರು ಸ್ಪರ್ಧಿಸಲು ಹಲವು ಸಂಘಟಕರು ಒಪ್ಪುತ್ತಾರೆ. ಸ್ನೇಹಿತರೊಬ್ಬರು ಜೊತೆಯಾದರೆ ಸಾಗಣೆಯ ಬಾಡಿಗೆಯೂ ಟೈರಿನ ಖರ್ಚೂ ಅರ್ಧವಾಗುತ್ತದೆ, ಒಂದೇ ಕಾರಿನಲ್ಲಿ ಇನ್ನೊಬ್ಬರು ಎಷ್ಟು ಸಮಯ ತೆಗೆದುಕೊಂಡರು ಎಂಬುದೂ ತಿಳಿಯುತ್ತದೆ. ಅವರ ಸಮಯ ನಿಮ್ಮದಕ್ಕಿಂತ ಮೂರು ಸೆಕೆಂಡ್ ಕಡಿಮೆಯಿದ್ದರೆ ಮುಂದಿನ ತಿಂಗಳ ಹಣ ಕಾರಿಗಲ್ಲ, ತರಬೇತಿಗೆ ಹೋಗಬೇಕು.

ಮನೆಗೆ ಮರಳಿದ ಮರುದಿನವೇ ಅಡಿಭಾಗ ಮತ್ತು ರೇಡಿಯೇಟರ್‌ನ ಮಣ್ಣು ತೊಳೆದು, ಸಸ್ಪೆನ್ಷನ್‌ನ ಪ್ರತಿಯೊಂದು ಬೋಲ್ಟನ್ನೂ ಬಿಗಿತ ನೋಡಿ, ಕೇಜ್‌ನ ಬೆಸುಗೆಗಳಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ಪರೀಕ್ಷಿಸಬೇಕು. ಜೇಡಿಮಣ್ಣಿನ ಗದ್ದೆಯಲ್ಲಿ ಓಡಿದ ಕಾರಾದರೆ ಚಕ್ರದ ಒಳಬದಿಯಲ್ಲಿ ಒಣಗಿ ಅಂಟಿದ ಮಣ್ಣನ್ನೂ ಕೆರೆದು ತೆಗೆಯಬೇಕು, ಇಲ್ಲವಾದರೆ ಸಮತೋಲ ತಪ್ಪಿದ ಚಕ್ರದ ನಡುಕವನ್ನು ಮುಂದಿನ ಸ್ಪರ್ಧೆಯಲ್ಲಿ ಸಸ್ಪೆನ್ಷನ್ ದೋಷವೆಂದು ಭಾವಿಸಿ ಸುಮ್ಮನೆ ಗ್ಯಾರೇಜ್ ಸುತ್ತಬೇಕಾಗುತ್ತದೆ.