ಕರಡು ತಿದ್ದುವ ಕಣ್ಣಿಗೆ ಬಿಡುವು

ಕೋಲಾರದಲ್ಲಿ ಡಿ.ಟಿ.ಪಿ. ಅಂಗಡಿ ನಡೆಸುವ ನನಗೆ ಕ್ರಯಪತ್ರ, ಲಗ್ನಪತ್ರಿಕೆ, ಸ್ಮರಣ ಸಂಚಿಕೆಗಳ ಕರಡು ತಿದ್ದುವುದೇ ದಿನವಿಡೀ ಕೆಲಸ. ಕನ್ನಡದ ಕರಡು ನೋಡುವವರ ಕಣ್ಣು ಸಾಲಿನ ಮೇಲಷ್ಟೇ ಓಡಿದರೆ ಸಾಲದು. ಕೆಳಗೆ ಇಳಿಬಿದ್ದ ಒತ್ತಕ್ಷರಗಳನ್ನೂ, ‘ದ’ಕಾರವನ್ನು ‘ಧ’ಕಾರವಾಗಿಸುವ ಚಿಕ್ಕ ಸೀಳನ್ನೂ 10 ಪಾಯಿಂಟ್ ಅಕ್ಷರದಲ್ಲಿಯೇ ಹಿಡಿಯಬೇಕು. ನಲವತ್ತು ದಾಟಿದ ಮೇಲೆ ಸಂಜೆಯಾಗುತ್ತಲೇ ಕಣ್ಣುರಿ, ಹುಬ್ಬಿನ ಮೇಲೆ ನೋವು, ತಲೆಯೆತ್ತಿ ರಸ್ತೆ ನೋಡಿದರೆ ಕ್ಷಣಕಾಲ ಮಸುಕು ಕಾಣಿಸತೊಡಗಿದವು.

ಪರೀಕ್ಷಿಸಿದ ಕಣ್ಣಿನ ವೈದ್ಯರು ಚಾಳೀಸು ಬಂದಿದೆಯೆಂದು ಕನ್ನಡಕ ಬರೆದುಕೊಟ್ಟರು. ವ್ಯಾಯಾಮದಿಂದ ಇದನ್ನು ತಪ್ಪಿಸಬಹುದೇ ಎಂದು ಕೇಳಿದ್ದಕ್ಕೆ, “ಮಾಡಿ ಸ್ವಾಮಿ, ಬೇಡ ಅನ್ನೋಲ್ಲ. ಆಯಾಸ ಇಳಿಯುತ್ತೆ, ನಂಬರ್ ಇಳಿಯೋಲ್ಲ” ಎಂದರು. ವಯಸ್ಸಾದಂತೆ ಕಣ್ಣಿನ ಮಸೂರವೇ ಗಡುಸಾಗುವುದರಿಂದ, ಅದನ್ನು ಉಬ್ಬಿಸುವ ಸ್ನಾಯುವಿಗೆ ಎಷ್ಟು ಸಾಧನೆ ಮಾಡಿಸಿದರೂ ಪ್ರಯೋಜನವಿಲ್ಲವೆಂಬುದು ಅವರ ವಿವರಣೆ. ಹೀಗಾಗಿ ಕನ್ನಡಕ ಹಾಕಿಕೊಂಡೇ ನನ್ನ ಅಭ್ಯಾಸಗಳನ್ನು ಆರಂಭಿಸಿದೆ.

ಎಲ್ಲಕ್ಕಿಂತ ಹೆಚ್ಚು ಗುಣ ಕಂಡದ್ದು ರೆಪ್ಪೆ ಮಿಟುಕಿಸುವುದರಿಂದ. ಹೇಳಿದರೆ ಗಿರಾಕಿಗಳು ನಗುತ್ತಾರೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಮುಚ್ಚಿ ತೆರೆಯುವ ರೆಪ್ಪೆ, ಪರದೆಯ ಮುಂದೆ ಕುಳಿತಾಗ ಅದರ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುತ್ತದೆ. ಮುಚ್ಚಿದಾಗಲೂ ಅನೇಕ ಸಲ ಪೂರ್ತಿ ಮುಚ್ಚುವುದಿಲ್ಲ. ಆಗ ಕಣ್ಣೀರಿನ ತೆಳುಪದರ ಒಣಗಿ ಉರಿ ಹುಟ್ಟುತ್ತದೆ. ಪ್ರತಿ ಪುಟ ಮುಗಿದಾಗ ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವವರೆಗೆ ನಿಧಾನವಾಗಿ ಮುಚ್ಚಿ, ಎರಡೆಣಿಸುವಷ್ಟು ಹೊತ್ತು ತಡೆದು ತೆರೆಯುತ್ತೇನೆ. ಹೀಗೆ ಹತ್ತು ಬಾರಿ. ಮುಖಕ್ಕೇ ಬೀಸುತ್ತಿದ್ದ ಟೇಬಲ್ ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಿದ್ದರಿಂದಲೂ ಬೇಸಿಗೆಯಲ್ಲಿ ಬಹಳ ವ್ಯತ್ಯಾಸವಾಯಿತು.

ಎರಡನೆಯದು ದೂರದ ನೋಟ. ಹತ್ತಿರದ್ದನ್ನು ನೋಡುವಷ್ಟು ಹೊತ್ತೂ ಮಸೂರದ ಸುತ್ತಲಿನ ಸ್ನಾಯು ಬಿಗಿದುಕೊಂಡಿರುತ್ತದೆ, ದೂರ ನೋಡಿದಾಗ ಸಡಿಲಗೊಳ್ಳುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಸೂತ್ರದ ಉದ್ದೇಶ ಇದೇ. ನನ್ನ ಅಂಗಡಿಯ ಒಳಗೆ 20 ಅಡಿ ಜಾಗವೇ ಇಲ್ಲವಾದ್ದರಿಂದ ಬಾಗಿಲಿಗೆ ಬಂದು, ಕಟ್ಟಡಗಳ ಸಂದಿಯಲ್ಲಿ ಕಾಣುವ ಅಂತರಗಂಗೆ ಬೆಟ್ಟದ ಬಂಡೆಗಳನ್ನು ನೋಡುತ್ತೇನೆ. ಆ ಹೊತ್ತಿನಲ್ಲಿ ಮೊಬೈಲ್ ತೆಗೆದರೆ ಬಿಡುವಿಗೆ ಅರ್ಥವಿಲ್ಲ.

ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಕಣ್ಣುಗುಡ್ಡೆ ಒತ್ತದಂತೆ ಬಟ್ಟಲಾಗಿಸಿ ಮುಚ್ಚಿಕೊಳ್ಳುವುದೂ ಹಿತವೇ. ಅಮೆರಿಕದ ವೈದ್ಯ ವಿಲಿಯಂ ಬೇಟ್ಸ್ 1920ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂತಹ ಅಭ್ಯಾಸಗಳಿಂದ ಕನ್ನಡಕವನ್ನೇ ಬಿಡಬಹುದೆಂದು ವಾದಿಸಿದ್ದನಾದರೂ ವೈದ್ಯವಿಜ್ಞಾನ ಅದನ್ನು ಒಪ್ಪಿಲ್ಲ. ನನ್ನ ಕನ್ನಡಕವೂ ಒಪ್ಪಿಲ್ಲ. ಬೆಳಗಿನ ಸೂರ್ಯನನ್ನು ದಿಟ್ಟಿಸಿದರೆ ದೃಷ್ಟಿ ಹೆಚ್ಚುತ್ತದೆಂದು ಹೇಳುವವರ ಮಾತನ್ನಂತೂ ಕೇಳಲೇಬಾರದು, ಅಕ್ಷಿಪಟಲ ಸುಟ್ಟುಹೋದರೆ ಮರಳಿ ಬಾರದು. ಪೆನ್ಸಿಲ್ ತುದಿಯನ್ನು ಮೂಗಿನ ಹತ್ತಿರಕ್ಕೆ ತರುವ ವ್ಯಾಯಾಮವು ಎರಡೂ ಕಣ್ಣು ಹತ್ತಿರದಲ್ಲಿ ಸರಿಯಾಗಿ ಕೂಡದವರಿಗೆ ವೈದ್ಯರು ಹೇಳಿಕೊಡುವಂಥದ್ದು, ನನಗೆ ಬೇಕಾಗಲಿಲ್ಲ.

ಮಾನಿಟರ್ ಈಗ ಒಂದು ತೋಳಿನಳತೆ ದೂರದಲ್ಲಿದೆ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿದೆ. ಕರಡನ್ನು 16 ಪಾಯಿಂಟ್‌ನಲ್ಲಿ ತಿದ್ದಿ, ಮುದ್ರಣಕ್ಕೆ ಕೊಡುವ ಮುನ್ನ ಇಳಿಸುತ್ತೇನೆ.

ಸಂಜೆಯ ಹುಬ್ಬುನೋವು ಅಪರೂಪವಾಗಿದೆ. ಆದರೂ ಸಕ್ಕರೆ ಕಾಯಿಲೆ ಇರುವುದರಿಂದ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಅಕ್ಷಿಪಟಲದ ತಪಾಸಣೆ ಮಾಡಿಸುತ್ತೇನೆ. ಹನಿ ಬಿಟ್ಟ ಮೇಲೆ ಕೆಲವು ಗಂಟೆ ಹತ್ತಿರದ ಅಕ್ಷರ ಮಸುಕಾಗಿರುವ ಕಾರಣ, ಅಂದಿನ ಕರಡುಗಳನ್ನು ಮಾರನೆಯ ದಿನಕ್ಕೆ ಎತ್ತಿಡುತ್ತೇನೆ.